ರ‍್ಯಾಮನ್ನು ಪತ್ತಾರರ ಬಳಿ ಒಯ್ದದ್ದು

ಯಾವುದೇ ವಸ್ತು ಕೊಟ್ಟ ಜಾಗದಲ್ಲಿ ಕೂರುವುದಿಲ್ಲ ಎಂದರೆ ನಾನು ನಂಬುವವನಲ್ಲ. ಸಿಂದಗಿಯಿಂದ ಇಂಡಿಗೆ ಹೋಗುವ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಐವರು ಕುಳಿತು, ಆರನೆಯವರ ಜೋಳದ ಚೀಲವನ್ನೂ ತೊಡೆಯ ಮೇಲಿಟ್ಟುಕೊಂಡು ಬೆಳೆದವನು ನಾನು. ಈ ನಂಬಿಕೆಯೇ ಒಮ್ಮೆ ನನ್ನ ಅಳಿಯತನಕ್ಕೆ ಕುತ್ತು ತಂದಿತು.

ಆಗ ಸಿಂದಗಿಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿಯಿತ್ತು, ಅದರಲ್ಲೊಂದು ಮುದಿ ಕಂಪ್ಯೂಟರು. ನಾದಿನಿಯ ಲಗ್ನಪತ್ರಿಕೆ ನಾನೇ ಮಾಡಿಕೊಡುತ್ತೇನೆಂದು ಅಗರಖೇಡದ ಮಾವನವರಿಗೆ ಮಾತು ಕೊಟ್ಟಿದ್ದೆ. ಸೋಮವಾರ ಮೊದಲ ಪತ್ರಿಕೆ ಮನೆದೇವರ ಮುಂದೆ ಇಡಬೇಕು. ನಾಲ್ಕು ದೇವರ ಚಿತ್ರ, ನೂರಾ ನಲವತ್ತು ಹೆಸರು! ಹೆಸರೆಲ್ಲ ಟೈಪ್ ಮಾಡಿಟ್ಟು, ಪತ್ರಿಕೆಯಲ್ಲಿ ಜೋಡಿಸುತ್ತ ದೇವರ ಹಿಪ್ಪರಗಿಯ ಬೀಗರ ತನಕ ಬಂದರೆ ಸಾಕು, ಕಂಪ್ಯೂಟರು ಕಲ್ಲಾಗಿ ನಿಲ್ಲುತ್ತಿತ್ತು. ನಮ್ಮ ಬಳಗವನ್ನು ಹೊರುವಷ್ಟು ಮೆಮರಿ ಅದಕ್ಕಿರಲಿಲ್ಲ.

ಬಸವನ ಬಾಗೇವಾಡಿಯ ಗೆಳೆಯನೊಬ್ಬ ತನ್ನಲ್ಲಿ ಹೆಚ್ಚಾಗಿದ್ದ ಹೊಸ ಬಗೆಯ ಮೆಮರಿ ಪಟ್ಟಿ, ಅಂದರೆ ರ‍್ಯಾಮ್ ಕೊಟ್ಟ. ಕೊಡುವಾಗಲೇ ಹೇಳಿದ: "ನಿನ್ನ ಹಳೇ ಬೋರ್ಡಿಗೆ ಇದು ಕೂಡೂದಿಲ್ಲಪಾ. ಬೋರ್ಡ್ ಬದಲಿ ಮಾಡಬೇಕು. ಹೊಸ ಬೋರ್ಡಿನ ಸಾಕೆಟ್ಟಿನಾಗ ನಿನ್ನ ಪ್ರೊಸೆಸರ್ ಕೂಡೂದಿಲ್ಲ, ಅದನ್ನೂ ಬದಲಿ ಮಾಡಬೇಕು." ಇವನಿಗೆ ಬಸ್ಸಿನಲ್ಲಿ ಓಡಾಡಿ ಗೊತ್ತಿಲ್ಲ ಎಂದುಕೊಂಡೆ.

ಅಂಗಡಿಗೆ ಬಂದು ನೋಡಿದರೆ, ಹಳೆಯ ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಎರಡು ಕಚ್ಚು, ಹೊಸದರಲ್ಲಿ ಒಂದೇ, ಅದೂ ಬೇರೆ ಜಾಗದಲ್ಲಿ. ಇಷ್ಟೇ ತಾನೇ! ನೇರವಾಗಿ ಅಕ್ಕಸಾಲಿ ಮಾನಪ್ಪ ಪತ್ತಾರರ ಬಳಿ ಒಯ್ದೆ. ಮೂಗುತಿಯ ಮೇಲೆ ನವಿಲು ಕೆತ್ತುವವರಿಗೆ ಎರಡು ಕಚ್ಚು ಯಾವ ಲೆಕ್ಕ? ಅವರು ಪಟ್ಟಿಯ ಅಂಚಿನ ಹಳದಿ ಹಲ್ಲುಗಳನ್ನು ಕಂಡು, ಕಣ್ಣಿಗೆ ಭೂತಗನ್ನಡಿ ಹಚ್ಚಿ, "ಬಂಗಾರ ಹಚ್ಯಾರಲ್ರಿ ಸರ. ಯಾರ ಮೈಮ್ಯಾಲೆ ಹಾಕೂದ್ರಿ ಇದು?" ಎಂದರು.

"ಕಂಪ್ಯೂಟರ್ ಮೈಯಾಗ್ರಿ."

ಅವರು ನಗಲಿಲ್ಲ. ಸಣ್ಣ ಅರದಿಂದ ಉಜ್ಜಿ ಎರಡು ಸುಂದರ ಕಚ್ಚು ತೆಗೆದು, ಹುಣಸೆಹಣ್ಣಿನಿಂದ ತಿಕ್ಕಿ ಹೊಳಪನ್ನೂ ಕೊಟ್ಟರು. ಅಂಗಡಿಗೆ ಬಂದು ಹೆಬ್ಬೆರಳಿನಿಂದ ಒತ್ತಿದೆ, ಕೂತಿತು! ಸ್ವಿಚ್ ಹಾಕಿದೆ. ಕಂಪ್ಯೂಟರು ಒಮ್ಮೆ ಕಿರುಚಿ, ಹೊಗೆ ಬಿಟ್ಟು, ಶಾಶ್ವತವಾಗಿ ಸುಮ್ಮನಾಯಿತು.

ಮಾವನವರು ಬರೆದುಕೊಟ್ಟ ಹೆಸರಿನ ಪಟ್ಟಿ? ಟೈಪ್ ಮಾಡಿದ್ದಾಯಿತಲ್ಲ ಎಂದು ಆ ಹಾಳೆಯಲ್ಲಿ ಚುರುಮುರಿ ಕಟ್ಟಿಸಿಕೊಂಡು ತಿಂದು ಬಿಸಾಕಿದ್ದೆ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಹೆಂಡತಿ ಶಾಂತಾ ಮಾತ್ರ ಸೆರಗು ಸರಿಮಾಡಿಕೊಂಡು, "ನಡೀರಿ ಇಂಡಿಗೆ, ಅಲ್ಲಿ ಅಚ್ಚಿನ ಮೊಳೆ ಜೋಡ್ಸೋ ಪ್ರೆಸ್ ಐತಿ. ಹೆಸರ ನಾ ಹೇಳ್ತೇನಿ" ಎಂದಳು.

ಹೇಳಿದಳು! ಮೊಳೆ ಜೋಡಿಸುವವನ ಮುಂದೆ ನಿಂತು, ತಾಂಬಾದ ಚಿಗವ್ವನಿಂದ ಮುದ್ದೇಬಿಹಾಳದ ದೊಡ್ಡಪ್ಪನವರೆಗೆ, ಊರು, ಹುದ್ದೆ ಸಮೇತ, ಒಂದೂ ತಪ್ಪದೆ. ಒಳಗೊಳಗೇ ಹೆಮ್ಮೆಪಡುತ್ತ ನಾನು ಚಹಾ ಕುಡಿಯಲು ಹೊರಗೆ ಹೋದೆ. ಸೋಮವಾರ ಪತ್ರಿಕೆ ದೇವರ ಮುಂದೆ ಕೂತಿತು, ಮಾವನವರ ಮಾನ ಉಳಿಯಿತು. ಆಮೇಲೆ ನನ್ನ ಹೆಸರು ಹುಡುಕಿದೆ. ಅಳಿಯಂದಿರ ಸಾಲಿನಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: "ಶ್ರೀ ನಮ್ಮ ಮನಿಯವರು, ಸಿಂದಗಿ."

"ಇದೇನ ಇದು?"

"ಗಂಡನ ಹೆಸರ ಬಾಯಿಬಿಟ್ಟು ಹೆಂಗ್ ಹೇಳ್ಲಿರಿ? ಪ್ರೆಸ್ಸಿನಂವ ಮುಂದ ಯಾರು ಅಂದ, ನಮ್ಮ ಮನಿಯವರು ಅಂದ್ನಿ. ಜೋಡ್ಸಿಬಿಟ್ಟ."

ಲಗ್ನದ ದಿನ ಪಂಕ್ತಿಯಲ್ಲಿ ಬೀಗರ ಕಡೆಯ ಗಿರಿಜಾ ಮೀಸೆಯ ಹಿರಿಯರೊಬ್ಬರು ಪತ್ರಿಕೆ ನೋಡಿ, ನನ್ನ ಕೈ ಹಿಡಿದು ಅಕ್ಕರೆಯಿಂದ, "ಬರ್ರಿ ನಮ್ಮ ಮನಿಯವರ, ನಮ್ಮ ಮಗ್ಗಲಕ್ಕ ಕೂಡ್ರಿ" ಎಂದರು. ಸರಿದು ಜಾಗ ಮಾಡಿಕೊಟ್ಟರು. ನಾನು ತಲೆ ತಗ್ಗಿಸಿ ಕೂತು, ಅವರಿಗೆ ತುಪ್ಪ ಬಡಿಸಿದೆ.