ಮಾಳಿಗೆಗೆ ಮರದ ವೇಷ

ಚಿತ್ರ ಬರೆಯಲು ಬಾರದವನಿಂದ ಮನೆಗೆ ಯಾವ ಹಾನಿಯೂ ಇಲ್ಲ. ಚೆನ್ನಾಗಿ ಬರೆಯುವವನಿಂದಲೂ ಇಲ್ಲ, ಅವನು ಹೇಗೂ ಮನೆಯಲ್ಲಿರುವುದಿಲ್ಲ. ಅಪಾಯವೆಲ್ಲ ನನ್ನಂಥ ಅರೆಬರೆಯವರಿಂದ. ನಾನು ಸಿರುಗುಪ್ಪದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಪ್ರತಿ ವರ್ಷ ಮಕ್ಕಳಿಗೆ ಒಂದು ಮನೆ ಬರೆಯಲು ಹೇಳುತ್ತಿದ್ದೆ. ಅವರೂ ಬರೆಯುತ್ತಿದ್ದರು: ಕೆಳಗೆ ಚೌಕ, ಮೇಲೆ ತ್ರಿಕೋನ, ಹಿಂದೆ ಎರಡು ಗುಡ್ಡ, ಗುಡ್ಡದ ನಡುವೆ ನಗುವ ಸೂರ್ಯ. ಸಿರುಗುಪ್ಪದಲ್ಲಿ ಅಂಥ ಗುಡ್ಡವಿಲ್ಲ, ನಮ್ಮ ಸೂರ್ಯ ನಗುವ ಪೈಕಿಯವನಲ್ಲ, ತ್ರಿಕೋನದ ಮನೆಯಂತೂ ಹುಡುಕಿದರೂ ಇರಲಿಲ್ಲ. ಎಲ್ಲವೂ ಮಣ್ಣಿನ ಮಾಳಿಗೆಯ ಮನೆಗಳು, ಮೇಲೆ ರೊಟ್ಟಿ ತಟ್ಟಿದಷ್ಟು ಚಪ್ಪಟೆ. ಚಪ್ಪಟೆ ಮನೆಯಿಂದ ಎದ್ದು ಬಂದ ಮಕ್ಕಳು ತ್ರಿಕೋನದ ಮನೆ ಬರೆದು ಮತ್ತೆ ಚಪ್ಪಟೆ ಮನೆಗೆ ಹೋಗುತ್ತಿದ್ದರು. ಇದರಲ್ಲೇನೋ ಎಡವಟ್ಟಿದೆ ಎಂದು ಅವರಿಗೂ ಹೊಳೆಯಲಿಲ್ಲ, ಅದಕ್ಕೇ ಸಂಬಳ ತಗೊಳ್ಳುತ್ತಿದ್ದ ನನಗೂ ಹೊಳೆಯಲಿಲ್ಲ.

ಹಾಗೆಂದು ಮಾಳಿಗೆಯ ಮೇಲಿನ ನನ್ನ ಸಿಟ್ಟು ಬರೀ ಶೋಕಿಯದ್ದಲ್ಲ. ಮಣ್ಣಿನ ಮಾಳಿಗೆ ಅಂದರೆ ಎಮ್ಮೆ ಸಾಕಿದ ಹಾಗೆ, ವರ್ಷಾವರ್ಷ ಸೇವೆ ಕೇಳುತ್ತದೆ. ಮಳೆಗಾಲಕ್ಕೆ ಮುಂಚೆ ಗಾಡಿಯಲ್ಲಿ ನೀರು ತಡೆಯುವ ಸವಳು ಮಣ್ಣು ತರಿಸಬೇಕು, ಬುಟ್ಟಿಯಲ್ಲಿ ಹೊತ್ತು ಮೇಲೆ ಹಾಕಬೇಕು, ತುಳಿಯಬೇಕು, ಬಡಿಯಬೇಕು. ಇಷ್ಟೆಲ್ಲ ಮಾಡಿದ ಮೇಲೂ ಮೊದಲ ಮಳೆಗೆ ಎಲ್ಲೋ ಒಂದು ಕಡೆ ತೊಟ್ಟಿಕ್ಕದೆ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಅದು ಅಡುಗೆಮನೆ, ಪಡಸಾಲೆ, ದೇವರ ಜಗುಲಿ ಎಲ್ಲ ಬಿಟ್ಟು ನನ್ನ ಚಿತ್ರಗಳ ಪೆಟ್ಟಿಗೆಯ ಮೇಲೆಯೇ ತೊಟ್ಟಿಕ್ಕುತ್ತಿತ್ತು. ರಾರಾವಿಯ ಹೊಳೆದಂಡೆಯಲ್ಲಿ ಮೂರು ಭಾನುವಾರ ಕೂತು ಬರೆದ ಚಿತ್ರವೊಂದು ಹೀಗೆ ನೆನೆದು, ಹೊಳೆಯ ನೀಲಿಯೆಲ್ಲ ದಂಡೆ ಮೀರಿ ಹರಿದುಬಿಟ್ಟಿತ್ತು. ಹೆಂಡತಿ ನೀಲಮ್ಮ ಅದನ್ನು ಬಿಸಿಲಿಗೆ ಹರವುತ್ತಾ, ಈಗ ಖರೇ ಹೊಳಿ ಕಂಡಂಗ ಕಾಣತೈತಿ ನೋಡ್ರಿ ಎಂದಳು. ಅವಳು ತಮಾಷೆಗೆ ಅಂದಳೋ ವಿಮರ್ಶೆ ಮಾಡಿದಳೋ ಈವತ್ತಿಗೂ ತಿಳಿದಿಲ್ಲ. ಆ ದಿನವೇ ಈ ಮಾಳಿಗೆಗೆ ಒಂದು ಗತಿ ಕಾಣಿಸಬೇಕೆಂದು ತೀರ್ಮಾನಿಸಿದೆ.

ಊರಿಗೆ ಸಿಂಥೆಟಿಕ್ ಸೀರೆ ನುಗ್ಗಿ, ನೂಲಿನ ಸೀರೆ ಉಡುವವರನ್ನು ಮುದುಕಿಯರೆಂದು ಕರೆಯಲು ಶುರುಮಾಡಿದ್ದ ಕಾಲ ಅದು. ಬಣ್ಣದ ಡಬ್ಬಿ ತರಲು ಬಳ್ಳಾರಿಗೆ ಹೋಗಿದ್ದಾಗ ಒಂದು ಅಂಗಡಿಯ ಮುಂದೆ ನಿಂತುಬಿಟ್ಟೆ. ಇಳಿಜಾರು ಚೌಕಟ್ಟಿನ ಮೇಲೆ ಕಂದು ಬಣ್ಣದ ಪುಟ್ಟ ಪುಟ್ಟ ಹಲಗೆಗಳನ್ನು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ಮರದ ಗೆರೆ, ಗಂಟು, ಬಿರುಕು ಎಲ್ಲ ಇತ್ತು. ಮುಟ್ಟಿದರೆ ಮಾತ್ರ ಪ್ಲಾಸ್ಟಿಕ್ ಬಕೆಟ್ಟು ಮುಟ್ಟಿದಂತಾಯಿತು. ಅಂಗಡಿಯವನು ಅದು ಫಾರಿನ್ನಿನವರ ಮನೆಗಳ ಮೇಲೆ ಇರುವಂಥದ್ದೆಂದೂ, ಅವರು ಮರದಲ್ಲಿ ಮಾಡುವುದನ್ನು ಇವರು ಸಿಂಥೆಟಿಕ್‌ನಲ್ಲಿ ಮಾಡಿದ್ದಾರೆಂದೂ, ಗೆದ್ದಲು ಹತ್ತುವುದಿಲ್ಲ, ನೀರು ಇಳಿಯುವುದಿಲ್ಲವೆಂದೂ ವಿವರಿಸಿದ. ನಮ್ಮ ಬಿಸಿಲಿಗೆ ಏನಾಗುತ್ತದೆ ಎಂದು ಕೇಳಿದೆ. ಬಳ್ಳಾರಿಯ ಅಂಗಡಿಯವರಿಗೆ ಧೈರ್ಯ ಹೇಳಬೇಕಾದಾಗ ತೆಲುಗು ಬರುತ್ತದೆ. “ಏಮೀ ಕಾದು ಸಾರ್, ಏನೂ ಆಗಂಗಿಲ್ಲ, ನಾನದೀನಿ” ಎಂದ. ಅವನು ಇರುತ್ತಾನೆ, ನಿಜ. ಬಳ್ಳಾರಿಯಲ್ಲಿ, ಫ್ಯಾನಿನ ಕೆಳಗೆ.

ನನ್ನ ಕಣ್ಣಿಗೆ ಆ ಚೌಕಟ್ಟು ತ್ರಿಕೋನವಾಗಿ ಕಂಡಿತ್ತು. ಇನ್ನು ವಿವೇಕಕ್ಕೆ ಜಾಗವೆಲ್ಲಿ?

ನೀಲಮ್ಮ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರಕೊಂಡು ಹದಿನೈದು ದಿನ ರಾರಾವಿಯ ತವರಿಗೆ ಹೋಗುವವಳಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಸುದ್ದಿ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: ಅದರ ಮ್ಯಾಲೆ ನಡಿಯಾಕ ಬರತೈತೇನ್ರಿ? ನಾನು ಎದೆಯುಬ್ಬಿಸಿ, ನಡೆಯುವುದಿರಲಿ, ಕಳ್ಳ ಹತ್ತಿದರೂ ಜಾರಿ ಬೀಳುತ್ತಾನೆ ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಬಸ್ಸು ಬಂತು. ಸೀಟು ಹಿಡಿಯುವ ಗದ್ದಲದಲ್ಲಿ ಅವಳ ಮಾತು ಅಲ್ಲಿಗೇ ನಿಂತಿತು. ನಾನು ಅದನ್ನು ಒಪ್ಪಿಗೆ ಎಂದು ಭಾವಿಸಿದೆ. ಹದಿಮೂರು ವರ್ಷ ಸಂಸಾರ ಮಾಡಿದವನು ಹಾಗೆ ಭಾವಿಸಬಾರದಿತ್ತು.

ಕೆಲಸಕ್ಕೆ ಸಿಕ್ಕಿದ್ದು ಕುರುಗೋಡು ಕಡೆಯ ಬಡಗಿ ಮೌನೇಶಾಚಾರಿ. ಹೆಸರಿನಲ್ಲಿ ಮಾತ್ರ ಮೌನ. ಬತ್ತದ ಲಾರಿಯ ಮೇಲೆ ಬಳ್ಳಾರಿಯಿಂದ ಬಂದಿಳಿದ ಹಲಗೆಗಳಲ್ಲಿ ಒಂದನ್ನು ಕೈಗೆತ್ತಿಕೊಂಡು, ಬೆರಳಿನಿಂದ ತಟ್ಟಿ ಕಿವಿಗಿಟ್ಟುಕೊಂಡ. ಮೂಸಿದ. ಕೊನೆಗೆ ನನ್ನ ಮುಖ ನೋಡಿ, “ಮರ ಬೇಕಂದ್ರ ಮರ ಹಾಕಸ್ರಿ ಮೇಷ್ಟ್ರ. ಮರದ ವೇಷ ಯಾಕ ಹಾಕಸ್ತೀರಿ?” ಎಂದ. ಅವನಿಗೆ ಕಲೆಯ ಬಗ್ಗೆ ತಿಳಿಹೇಳಲು ಹೋಗಿ ಅರ್ಧ ದಿನ ಕಳೆದೆ. ಮಾಳಿಗೆಯ ಮೇಲೆ ಕಂಬ ನೆಟ್ಟು, ಅಡ್ಡಪಟ್ಟಿ ಬಡಿದು, ಎರಡೂ ಪಕ್ಕಕ್ಕೆ ಇಳಿಜಾರು ಮಾಡಿ ಅವನು ಹಲಗೆ ಹೊಡೆಯತೊಡಗಿದ. ಬೆಳಿಗ್ಗೆ ಸಾಲಾಗಿ ಕೂತ ಹಲಗೆಗಳು ಮಧ್ಯಾಹ್ನದ ಹೊತ್ತಿಗೆ ಮೈಮುರಿದು ಸೊಟ್ಟಗಾಗುತ್ತಿದ್ದವು, ಸಂಜೆಗೆ ಏನೂ ಆಗದವರಂತೆ ನೆಟ್ಟಗಾಗುತ್ತಿದ್ದವು. ಮೌನೇಶಾಚಾರಿ ಪ್ರತಿ ಮೊಳೆಗೂ ಒಂದು ಬೈಗುಳ ಸೇರಿಸಿ ಹೊಡೆಯುತ್ತಿದ್ದ. ಬೈಗುಳ ಹಲಗೆಗೆ, ಆದರೆ ಕಣ್ಣು ಮಾತ್ರ ನನ್ನ ಕಡೆ. ಅಕ್ಕಪಕ್ಕದ ಮಾಳಿಗೆಗಳ ಮೇಲೆ ಹೆಂಗಸರು ಬಂದು ನಿಂತು ನೋಡುತ್ತಿದ್ದರು. ಮೆಚ್ಚಿಕೊಂಡು ನೋಡುತ್ತಿದ್ದಾರೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ನೀಲಮ್ಮ ವಾಪಸು ಬಂದಳು. ಬೀದಿಯಲ್ಲಿ ನಿಂತು ಮೇಲೆ ನೋಡಿದಳು. ಚೀಲ ಒಳಗಿಟ್ಟು, ಹಿತ್ತಿಲಿನ ನಿಚ್ಚಣಿಕೆ ಹತ್ತಿ ಕತ್ತು ಚಾಚಿ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ನೋಡಿ ಇಳಿದಳು. ಚೆನ್ನಾಗಿದೆಯೇ ಎಂದು ಕೇಳಿದೆ. ಚೆಂದ ಐತಿ ಎಂದಳು. ಒಲೆಯ ಮುಂದೆ ಹೋಗಿ ಕೂತಳು.

ಈಗ ನಮ್ಮ ಬೀದಿಯ ವಿಷಯ ಸ್ವಲ್ಪ ಹೇಳಬೇಕು. ಅದು ಗೋಡೆಗೆ ಗೋಡೆ ಅಂಟಿದ ಏಳು ಮನೆಗಳ ಸಾಲು. ನಮ್ಮದು ಸರಿಯಾಗಿ ನಡುವಿನದು. ಮಾಳಿಗೆಗಳ ನಡುವೆ ಮೊಣಕಾಲೆತ್ತರದ ಗೋಡೆಗಳಿದ್ದವು, ದಾಟಲು ಸೀರೆಯ ನೆರಿಗೆ ಸ್ವಲ್ಪ ಎತ್ತಿದರೆ ಸಾಕು. ಬೇಸಿಗೆಯಲ್ಲಿ ನಾವು ಗಂಡಸರು ಬೀದಿಯಲ್ಲಿ ಹೊರಸು ಹಾಕಿಕೊಂಡು ಮಲಗುವವರು. ಮಾಳಿಗೆ ಹೆಂಗಸರು ಮಕ್ಕಳದ್ದು. ವರ್ಷಕ್ಕೊಮ್ಮೆ ಸವಳು ಹಾಕಿಸಲು ಹತ್ತುವುದು ಬಿಟ್ಟರೆ ನನಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಲ್ಲಿ ಒಂದು ದಾರಿಯಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಮೂಡಲ ತುದಿಯಿಂದ ಪಡುವಣ ತುದಿಯವರೆಗೆ ಏಳು ಮನೆಯ ಹೆಂಗಸರು ಮೇಲೆ ಮೇಲೆಯೇ ಓಡಾಡುತ್ತಿದ್ದರು. ಮೆಣಸಿನಕಾಯಿ, ಸಂಡಿಗೆ, ಶ್ಯಾವಿಗೆ ಒಣಗುವುದು ಅಲ್ಲಿ, ತಲೆ ಬಾಚುವುದು ಅಲ್ಲಿ, ಜಗಳವಾಡಿ ರಾಜಿಯಾಗುವುದೂ ಅಲ್ಲಿ. ಅದರ ನಟ್ಟನಡುವೆ ನಾನು ಕಳ್ಳ ಜಾರುವಂಥ ಗುಡ್ಡ ಕಟ್ಟಿಸಿದ್ದೆ. ಮೂರು ಮನೆ ಆ ಕಡೆ, ಮೂರು ಮನೆ ಈ ಕಡೆ, ಗುಡ್ಡದ ಕೆಳಗೆ ನನ್ನ ಹೆಂಡತಿ.

ಇದನ್ನು ನಾನು ತಿಳಿದದ್ದು ನಾಲ್ಕಾರು ದಿನದ ಮೇಲೆ. ಸಂಜೆಗೆ ಹೂವು ಮಾರುವವಳ ಕೂಗಿಗಿಂತ ಜೋರಾಗಿ ನಗುತ್ತಿದ್ದ ನೀಲಮ್ಮ ಮಾತು ಅಳೆದು ಆಡತೊಡಗಿದಳು. ಕೇಳಿದ್ದಕ್ಕೆ ಉತ್ತರ, ಅಷ್ಟೆ. ಮೈ ಸರಿಯಿಲ್ಲವೇ ಎಂದರೆ ಸರಿ ಐತಿ. ತವರಿನಲ್ಲಿ ಏನಾದರೂ ಆಯಿತೇ ಎಂದರೆ ಏನಿಲ್ಲ. ಕೊನೆಗೆ ನನಗೇ ರೇಗಿ, ಮಾತಾಡಬೇಕೆನ್ನಿಸಿದರೆ ಪಕ್ಕದ ಮನೆಗೆ ಹೋಗಿ ಬಾ, ಬೀದಿಯಿಲ್ಲವೇ ಎಂದು ಗದರಿದೆ. ಅವಳು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು.

“ಬೀದಿಗೆ ಇಳದ್ರ ಕಟ್ಟಿ ಮ್ಯಾಲೆ ಕುಂತೋರು ಎಲ್ಲಿಗೆ ಅಂತಾರ. ಸೆರಗು ಹೊದ್ಕೋಬೇಕು, ತಲಿ ಬಗ್ಗಸ್ಬೇಕು, ಎಲ್ಲಿಗೆ ಅಂತ ಹೇಳ್ಬೇಕು. ಮ್ಯಾಲೆ ಯಾರೂ ಕೇಳ್ತಿದ್ದಿಲ್ಲ. ನೀವು ಮನಿ ಕೆಳಗೈತಿ ಅಂತ ತಿಳಕಂಡೀರಿ. ನಾನು ಹದಿಮೂರು ವರ್ಷ ಇದ್ದದ್ದು ಮ್ಯಾಲೆ.”

ನನ್ನದು ಮೇಷ್ಟ್ರ ಜಾತಿ, ತಪ್ಪು ಒಪ್ಪಿಕೊಂಡರೆ ಮಾರ್ಕು ಹೋಗುತ್ತದೆಂಬ ಹೆದರಿಕೆ. ಮಳೆಗಾಲ ಬರಲಿ, ಆಗ ಇದರ ಬೆಲೆ ಗೊತ್ತಾಗುತ್ತದೆ ಎಂದು ಗೊಣಗಿ ಹೊರಗೆ ಹೋದೆ. ಹೊರಗೂ ಸುಖವಿರಲಿಲ್ಲ. ಮೂಡಲ ಪಕ್ಕದ ಮನೆಯ ಈರಮ್ಮ ಬಾಗಿಲಲ್ಲಿ ನಿಂತು, ಮೇಷ್ಟ್ರ, ಸ್ವಲ್ಪ ಹೆಪ್ಪು ಹುಸೇನಬಿಗೆ ಕೊಟ್ಟು ಬರ್ರಿ ಎಂದು ಬಟ್ಟಲು ಕೈಗಿಟ್ಟಳು. ಹುಸೇನಬಿಯ ಮನೆ ನಮ್ಮ ಪಡುವಣ ಪಕ್ಕದ್ದು. ಮೊದಲು ಆ ಬಟ್ಟಲು ನಮ್ಮ ಮಾಳಿಗೆ ದಾಟಿ ಹೋಗುತ್ತಿತ್ತಂತೆ. ದಾರಿ ಮುಚ್ಚಿದವನು ನಾನು, ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಒಮ್ಮೆ ಹಿಡಿದ ಬಟ್ಟಲು ಕೈಬಿಡಲಿಲ್ಲ. ಹೆಪ್ಪು ಹೋಯಿತು, ಕರಿಬೇವು ಬಂತು, ಉಪ್ಪಿನಕಾಯಿ ಹೋಯಿತು, ಹೊಲಿಗೆ ಸೂಜಿ ಬಂತು. ನಾನು ಗರಿಗರಿ ಇಸ್ತ್ರಿ ಅಂಗಿ ತೊಟ್ಟು, ಒಂದು ಕೈಯಲ್ಲಿ ಮೊಸರಿನ ಬಟ್ಟಲು ಹಿಡಿದು, ಚೆಲ್ಲದ ಹಾಗೆ ಹೆಜ್ಜೆ ಎಣಿಸುತ್ತಾ ಕಟ್ಟೆಯ ಮುಂದೆ ಹಾಯುವಾಗ ಹಿರಿಯರೆಲ್ಲ ಸರದಿಯಂತೆ ಎಲ್ಲಿಗೆ ಎಂದು ಕೇಳುತ್ತಿದ್ದರು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಮೂರನೆಯ ದಿನಕ್ಕೆ ನಾನೇ ತಲೆ ತಗ್ಗಿಸಿ ನಡೆಯತೊಡಗಿದೆ. ಸೆರಗೊಂದು ಇದ್ದಿದ್ದರೆ ಹೊದ್ದುಕೊಳ್ಳುತ್ತಿದ್ದೆನೋ ಏನೋ.

ಬಟ್ಟಲಿನ ಜೊತೆ ಮಾತೂ ಸಾಗಿಸಬೇಕಿತ್ತು. ಈರಮ್ಮ ಹೇಳಿದ್ದನ್ನು ನೀಲಮ್ಮನಿಗೆ, ನೀಲಮ್ಮ ಹೇಳಿದ್ದನ್ನು ಹುಸೇನಬಿಗೆ. ಅವರ ಮಾತಿಗೆ ತಲೆಯೂ ಇಲ್ಲ ಬಾಲವೂ ಇಲ್ಲ. ನಮ್ಮೋರು ಒಪ್ಪಿದ್ರಂತ ಹೇಳ್ರಿ. ಹೇಳಿದೆ. ಆಯ್ತವಾರ ಎಲ್ಲಾರೂ ಮನ್ಯಾಗ ಇರ್ತಾರ ಅಂತ ಹೇಳ್ರಿ. ಹೇಳಿದೆ. ನಿಚ್ಚಣಿಕಿ ನಮ್ದು ತರ್ತೀವಿ, ಅವರದು ಬ್ಯಾಡಂತ ಹೇಳ್ರಿ. ಅದನ್ನೂ ಹೇಳಿದೆ. ಕುರುಗೋಡು ಕಡೆಯ ಬಾದನಹಟ್ಟಿಗೆ ಹೋಗುವ ಯಾರ ಕೈಯಲ್ಲೋ ಆಚಾರಿಗೆ ಸುದ್ದಿ ಕಳಿಸಿದ್ದಾಗಿದೆಯಂತೆ, ಅದನ್ನೂ ಮುಟ್ಟಿಸಿದೆ. ಶ್ಯಾವಿಗೆ ಮಣೆ ಮಾಡಿಸುತ್ತಿರಬೇಕು, ಹೆಂಗಸರ ವ್ಯವಹಾರ, ನನಗೇಕೆ ಎಂದು ಒಂದು ಮಾತು ಕೇಳಲಿಲ್ಲ. ನೀಲಮ್ಮನ ಮುಖ ಸ್ವಲ್ಪ ತಿಳಿಯಾಗುತ್ತಿರುವುದು ಕಂಡು, ನಾನು ಪಟ್ಟ ಪಾಡು ಸಾರ್ಥಕವಾಯಿತೆಂದುಕೊಂಡೆ.

ಆಯ್ತವಾರ ಬೆಳಿಗ್ಗೆ ಚಹಾ ಕುಡಿಯುತ್ತಿದ್ದೆ. ಆರು ಮನೆಯ ಗಂಡಸರು ನಿಚ್ಚಣಿಕೆ ಹೊತ್ತು ಅಂಗಳಕ್ಕೆ ಬಂದರು. ಅವರ ಮುಂದೆ ಮೌನೇಶಾಚಾರಿ, ಕೈಯಲ್ಲಿ ಮೊಳೆ ಕೀಳುವ ಇಕ್ಕಳ. ಇಡೀ ಬೇಸಿಗೆಯಲ್ಲಿ ಅವನ ಮುಖದಲ್ಲಿ ಅಷ್ಟು ಸಂತೋಷ ಕಂಡಿರಲಿಲ್ಲ. ಏನಿದು ಎಂದು ಕೇಳಿದೆ. ಈರಮ್ಮನ ಗಂಡ ನನ್ನನ್ನು ವಿಚಿತ್ರವಾಗಿ ನೋಡಿದ.

“ಏನ್ರಿ ಮೇಷ್ಟ್ರ, ವಾರದಿಂದ ಮನಿಮನಿಗೆ ಸುದ್ದಿ ಮುಟ್ಟಿಸಿದೋರು ನೀವೇ. ಈಗ ನಮ್ಮನ್ನ ಕೇಳ್ತೀರಲ್ಲ?”

ಒಳಗೆ ತಿರುಗಿ ನೋಡಿದೆ. ನೀಲಮ್ಮ ಏಳು ಮಂದಿಗೆ ಆಗುವಷ್ಟು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ತಲೆಯೆತ್ತಿ ನನ್ನ ಕಡೆ ನೋಡಿದಳು. ಆ ಕಣ್ಣಲ್ಲಿ ಗೆದ್ದ ಖುಷಿ ಇರಲಿಲ್ಲ, ಹೆದರಿಕೆಯಿತ್ತು. ನಾನು ಬೇಡ ಎಂದರೆ ಎಲ್ಲ ನಿಂತುಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಅದನ್ನು ನೋಡಿ ನನ್ನ ಸಿಟ್ಟು ಎಲ್ಲಿ ಹೋಯಿತೋ ಶಿವನೇ ಬಲ್ಲ. ಚಹಾದ ಲೋಟ ಕೆಳಗಿಟ್ಟು ನಿಚ್ಚಣಿಕೆಯ ಬುಡ ಹಿಡಿದುಕೊಂಡೆ. ನನ್ನಿಂದ ಆಗುವ ಕೆಲಸ ಅದೊಂದೇ ಇತ್ತು.

ಕಟ್ಟಲು ಹನ್ನೆರಡು ದಿನ ಹಿಡಿದದ್ದು ಬಿಚ್ಚಲು ಮಧ್ಯಾಹ್ನದವರೆಗೂ ಬೇಕಾಗಲಿಲ್ಲ. ಹಲಗೆಗಳನ್ನು ಹಿತ್ತಿಲಿನಲ್ಲಿ ಒಟ್ಟಿದರು. ಕಂಬ ಕಿತ್ತ ಗುಂಡಿಗಳಿಗೆ ಈರಮ್ಮ, ಹುಸೇನಬಿ, ನೀಲಮ್ಮ ಮೂವರೂ ಸವಳು ತುಂಬಿ ಬಡಿದರು. ಸಂಜೆಯ ಹೊತ್ತಿಗೆ ನನ್ನ ತಲೆಯ ಮೇಲೆ ಹೆಜ್ಜೆ ಸಪ್ಪಳ, ಬಳೆ ಸದ್ದು, ಮಕ್ಕಳ ಕೇಕೆ ಶುರುವಾಯಿತು. ನೀಲಮ್ಮ ನಗುವುದು ಸ್ಪಷ್ಟವಾಗಿ ಕೇಳಿತು. ಇಷ್ಟು ವರ್ಷ ಈ ಸದ್ದು ಕೇಳುತ್ತಲೇ ಇದ್ದೆನಲ್ಲ, ಇಲಿಯೋ ಕೋತಿಯೋ ಎಂದುಕೊಂಡಿದ್ದೆನೇ ಎಂದು ನನ್ನ ಮೇಲೆ ನನಗೇ ರೇಗಿತು.

ಸರಿ, ತಲೆಯ ಮೇಲಿನ ಆ ಊರನ್ನು ನಾನೂ ಒಮ್ಮೆ ನೋಡೋಣವೆಂದು ನಿಚ್ಚಣಿಕೆ ಹತ್ತಿದೆ. ತಂಗಾಳಿ ಬೀಸುತ್ತಿತ್ತು. ಏಳು ಮಾಳಿಗೆ ಒಂದೇ ಚಾಪೆಯ ಹಾಗೆ ಉದ್ದಕ್ಕೆ ಹರಡಿದ್ದವು. ನಮ್ಮ ಮಾಳಿಗೆಯ ನಡುವೆ ಎಂಟು ಹತ್ತು ಹೆಂಗಸರು ಕಾಲು ಚಾಚಿ ಕೂತಿದ್ದರು, ಒಬ್ಬಳ ತಲೆಯ ಮೇಲೂ ಸೆರಗಿರಲಿಲ್ಲ. ನನ್ನ ತಲೆ ಕಂಡದ್ದೇ ತಡ, ಮಾತು ನಿಂತಿತು. ಎಲ್ಲರೂ ಸೆರಗು ಎಳೆದುಕೊಂಡು, ಕಾಲು ಮಡಚಿ, ಸರಿಯಾಗಿ ಕೂತರು. ನೀಲಮ್ಮ ಎದ್ದು ನಿಂತಳು.

“ಏನು ಬೇಕಾಗಿತ್ರಿ?” ಎಂದಳು.

ನಮ್ಮದೇ ಮನೆ, ನಮ್ಮದೇ ಮಾಳಿಗೆ. ಆದರೂ ನನ್ನ ಹತ್ತಿರ ಕಾರಣವಿರಲಿಲ್ಲ. ಏನಿಲ್ಲ, ಸುಮ್ಮನೆ ಬಂದೆ ಎಂದೆ. ಒಬ್ಬರೂ ನಂಬಿದಂತೆ ಕಾಣಲಿಲ್ಲ. ನಾನು ಇಳಿಯುವವರೆಗೂ ಅವರೆಲ್ಲ ಮರ್ಯಾದೆಯಿಂದ ಸುಮ್ಮನೆ ಕಾದರು.