ಇದಕ್ಕಿಂತ ಕಪ್ಪು ಇನ್ನಿಲ್ಲ

ಮೂಡಿಗೆರೆಯಲ್ಲಿ ನಾನು ಟಿವಿ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು. ವರ್ಷಕ್ಕೊಂದು ಹೊಸ ಮಾಡೆಲ್ ಬರುತ್ತದೆ, ಬಂದಾಗಲೆಲ್ಲ ಹೋದ ವರ್ಷದ ಮಾತೊಂದನ್ನು ನುಂಗಿಕೊಳ್ಳಬೇಕಾಗುತ್ತದೆ. ನಾನು ಮರೆತರೂ ಬಾಳೂರು ಕಡೆಯ ಒಬ್ಬ ತೋಟದ ಗೌಡರು ಮರೆಯುವವರಲ್ಲ. ಅವರು ಬೇರೆಯವರ ತಕ್ಕಡಿಯನ್ನು ನಂಬುವುದಿಲ್ಲ, ತಮ್ಮದನ್ನೂ ನಂಬುವುದಿಲ್ಲ. ಅವರ ಸಹವಾಸದಲ್ಲಿ ಈಗ ನನಗೂ ಆ ರೋಗ ಅಂಟಿದೆ.

ಕಪ್ಪು

ಅವರ ಮನೆ ಗೋಡೆಗೆ ಮೊದಲ ಒಎಲ್‌ಇಡಿ ಟಿವಿ ಹಾಕಿದ ದಿನ, ಕಂಪನಿಯವರು ಕಲಿಸಿದ್ದನ್ನು ಹಾಗೇ ಒಪ್ಪಿಸಿದೆ.

"ಬೇರೆ ಟಿವೀಲಿ ಕಪ್ಪು ಅಂದ್ರೆ ಬೂದಿ ಬಣ್ಣ, ಗೌಡ್ರೆ. ಇದರಲ್ಲಿ ಕಪ್ಪು ಇರೋ ಕಡೆ ಬೆಳಕು ಪೂರ್ತಿ ಆರಿಹೋಗುತ್ತೆ. ಇದಕ್ಕಿಂತ ಕಪ್ಪು ಇನ್ನಿಲ್ಲ."

"ಕಾಫೀಲಿ ಕಪ್ಪು ಬೀಜ ಸಿಕ್ಕಿದ್ರೆ ನಾವು ಆರಿಸಿ ಎಸೀತೀವಿ ಮಾರಾಯ್ರೆ. ನೀವು ಕಪ್ಪು ಜಾಸ್ತಿ ಇದೆ ಅಂತಲೇ ಮಾರ್ತೀರಲ್ಲ."

ಹಾಗಂದು, ದಿನಾ ಎಷ್ಟು ಇಂಚು ಮಳೆಯಾಯಿತು ಅಂತ ಬರೆದಿಡುವ ಡೈರಿ ತೆಗೆದು, ಅವತ್ತಿನ ಮಳೆಯ ಕೆಳಗೆ ನನ್ನ ಮಾತನ್ನು ಬರೆದುಕೊಂಡರು. "ಸುಳ್ಳು ಅಂತ ಗೊತ್ತಾದ ದಿನದಿಂದ ನೀವು ಈ ಗೇಟು ದಾಟೋ ಹಾಗಿಲ್ಲ."

ಸುತ್ತಿನ ತೋಟದವರೆಲ್ಲ ಟಿವಿ ಕೊಳ್ಳುವುದು ಅವರನ್ನು ಕೇಳಿಯೇ. ಆ ಗೇಟು ಮುಚ್ಚಿದರೆ ನನ್ನ ಅಂಗಡಿಯ ಬಾಗಿಲು ಅರ್ಧ ಮುಚ್ಚಿದ ಹಾಗೆ. ನನ್ನ ಮಾತಿನ ಕೆಳಗೆ ನನ್ನಿಂದಲೇ ರುಜು ಹಾಕಿಸಿಕೊಂಡರು. ಸಿಕ್ಕಿದ್ದರೆ ಮಳೆಯ ರುಜುವನ್ನೂ ಹಾಕಿಸಿಕೊಳ್ಳುತ್ತಿದ್ದರು.

ನವಿಲು

ಮರುವರ್ಷ ಚಿಕ್ಕಮಗಳೂರಿನ ಹೋಟೆಲೊಂದರಲ್ಲಿ ಅಂಗಡಿಯವರಿಗೆಲ್ಲ ಹೊಸ ಮಾಡೆಲಿನ ಪಾಠ. ಮುಂದೆ ಅಕ್ಕಪಕ್ಕ ಎರಡು ಟಿವಿ, ಎರಡರಲ್ಲೂ ಒಂದೇ ನವಿಲು. ಎಡಗಡೆಯದು ಹೋದ ವರ್ಷದ ಟಿವಿಯಲ್ಲಿ, ಜ್ವರ ಬಂದು ಎದ್ದ ಹಾಗೆ ಮಂಕಾಗಿತ್ತು. ಬಲಗಡೆಯದು ಈ ವರ್ಷದ್ದು, ಮದುವೆಗೆ ಹೊರಟ ಹಾಗಿತ್ತು. ನನಗೆ ಅನುಮಾನ ಬಂತು. ಹೋದ ವರ್ಷ ಇದೇ ಹೋಟೆಲಿನಲ್ಲಿ, ಆ ಎಡಗಡೆಯ ಟಿವಿಯಲ್ಲೇ ಇದೇ ನವಿಲನ್ನು ತೋರಿಸಿದ್ದರು. ಆಗ ಅದು ಫಳಫಳ ಹೊಳೆಯುತ್ತಿತ್ತು.

ಎದ್ದು ನಿಂತು ಅದನ್ನೇ ಕೇಳಿದೆ. ಪಾಠ ಹೇಳುತ್ತಿದ್ದವನು ನನ್ನನ್ನು ನೋಡಿದ, ನವಿಲನ್ನು ನೋಡಿದ. "ಅದಕ್ಕೂ ಒಂದು ವರ್ಷ ವಯಸ್ಸಾಯ್ತಲ್ಲ ಸರ್" ಅಂದ.

ಸಿಪ್ಪೆ

ಆ ಹೊಸ ಟಿವಿಯನ್ನು ಜೀಪಿನಲ್ಲಿ ಹಾಕಿಕೊಂಡು ಹೋದರೆ ಗೌಡರು ಡೈರಿ ತೆರೆದೇ ಕೂತಿದ್ದರು. "ಇದಕ್ಕಿಂತ ಕಪ್ಪು ಇನ್ನಿಲ್ಲ ಅಂದಿದ್ರಿ. ಮತ್ತೆ ಈಗ ತಂದಿರೋದೇನು?"

"ಕಪ್ಪು ಅಷ್ಟೇ ಗೌಡ್ರೆ. ಈ ವರ್ಷ ಬೆಳಕು ಜಾಸ್ತಿ ಮಾಡಿದ್ದಾರೆ."

ನಂಬಲಿಲ್ಲ. ಎರಡನ್ನೂ ಅಕ್ಕಪಕ್ಕ ಇಡಿಸಿ, ಕಾಫಿ ಬೀಜ ಆರಿಸುವ ಅಜ್ಜಿಯನ್ನು ಕರೆಸಿದರು. ಒಂದು ಮೊರ ಬೀಜದಲ್ಲಿ ಒಂದೇ ಒಂದು ಹುಳುಕಿದ್ದರೂ ಹೆಕ್ಕಿ ತೆಗೆಯುವ ಕಣ್ಣು ಅವರದು. ಯಾವುದು ಹಳೇದು, ಯಾವುದು ಹೊಸದು ಅಂತ ಯಾರೂ ಹೇಳಲಿಲ್ಲ. ಅಜ್ಜಿ ಎರಡನ್ನೂ ನೋಡಿದರು. ಆಮೇಲೆ ಹೊಸದರ ಹತ್ತಿರ ಹೋಗಿ ಮೂಲೆಯಲ್ಲಿ ಉಗುರಿನಿಂದ ಕೆರೆದರು.

"ಆ ಕಡೇದೇ ಚೆಂದ ಅಯ್ಯಾ. ಇದಿನ್ನೂ ಪಾರ್ಚ್‌ಮೆಂಟು. ಸಿಪ್ಪೆ ತೆಗೆದಿಲ್ಲ."

ಮಾರಾಟವಾಗದಿದ್ದರೆ ವಾಪಸ್ ಒಯ್ಯಬೇಕಲ್ಲ ಅಂತ ಪರದೆಯ ಮೇಲಿನ ತೆಳು ಪ್ಲಾಸ್ಟಿಕ್ಕನ್ನು ನಾನು ಹಾಗೇ ಬಿಟ್ಟಿದ್ದೆ. ಈಗಲೇ ಕಿತ್ತು ತೋರಿಸುತ್ತೇನೆ ಅಂದೆ. ಗೌಡರು ಬೇಡ ಅಂದರು. "ಚಿಕ್ಕಮಗಳೂರಿಗೆ ಒಯ್ದು ಕ್ಯೂರಿಂಗ್ ಮಾಡಿಸಿ, ಸಿಪ್ಪೆ ತೆಗೆಸ್ಕೊಂಡು ಬನ್ನಿ."

ಮೋಡ

ಹೀಗಾಗಿ ಗೋಡೆಯ ಮೇಲೆ ಹಳೇ ಟಿವಿಯೇ ಉಳಿಯಿತು. ಆ ಮಳೆಗಾಲದಲ್ಲಿ ಗೌಡರ ಮಗಳು ಹವಾಮಾನದ ಪುಟವೊಂದು ಅದರಲ್ಲಿ ಬರುವ ಹಾಗೆ ಮಾಡಿಕೊಟ್ಟಳು. ಊರಿನ ಹೆಸರು, ಪಕ್ಕದಲ್ಲಿ ದೊಡ್ಡದೊಂದು ಮೋಡದ ಚಿತ್ರ, ಅದರ ಕೆಳಗೆ ನಾಲ್ಕು ಹನಿ. ಗೌಡರಿಗೆ ಎಷ್ಟು ಹಿಡಿಸಿತೆಂದರೆ ಬೆಳಗಿನಿಂದ ಸಂಜೆಯವರೆಗೆ ಅದೊಂದನ್ನೇ ಹಾಕಿಕೊಂಡು ಕೂತರು. ನಾಲ್ಕು ತಿಂಗಳು ಆ ಮೋಡ ಕದಲಲಿಲ್ಲ.

ಜನವರಿಯಲ್ಲಿ ತೋಟದ ಮೇಸ್ತ್ರಿಯ ಫೋನ್ ಬಂತು. "ಒಂಚೂರು ಬಂದು ಹೋಗಿ ಸಾರ್. ಐದು ದಿನದಿಂದ ಕಣದಲ್ಲಿ ಕಾಫಿ ಒಣಗಿಸೋಕೆ ಬಿಡ್ತಿಲ್ಲ. ನೆತ್ತಿ ಸುಡೋ ಬಿಸಿಲು. ಸಾಹುಕಾರ್ರು ಮಾತ್ರ ಟಿವೀಲಿ ಮೋಡ ಇದೆ ಅಂತಾರೆ."

ಹೋದೆ. ಕಣದ ತುಂಬ ಟಾರ್ಪಾಲು ಹೊದಿಸಿತ್ತು. ಒಳಗೆ ಟಿವಿಯಲ್ಲಿ ಸೂರ್ಯನ ಚಿತ್ರವೇ ಇತ್ತು. ಆದರೆ ಅದರ ಹಿಂದೆ ಮಸುಕಾಗಿ ಒಂದು ಮೋಡ, ನಾಲ್ಕು ಹನಿ. ಚಾನೆಲ್ ಬದಲಿಸಿದೆ. ವಾರ್ತೆ ಓದುವವಳ ಹಣೆಯ ಮೇಲೂ ಅದೇ ಮೋಡ, ಮೂಗಿನ ಮೇಲೆ ಹನಿ. ಈ ಟಿವಿಗಳಿಗೆ ಇದೊಂದು ಕಾಯಿಲೆ ಇದೆ ಅಂತ ನನಗೆ ಗೊತ್ತಿತ್ತು, ಮಾರುವಾಗ ಬಾಯಿ ಬಿಟ್ಟಿರಲಿಲ್ಲ. ಗೇಟು ಕಣ್ಣ ಮುಂದೆ ಬಂತು. ಆದರೂ ಹದಿನೆಂಟು ವರ್ಷದಲ್ಲಿ ಮೊದಲ ಸಲ ಪೂರ್ತಿ ನಿಜ ಹೇಳಿದೆ.

"ಒಂದೇ ಚಿತ್ರ ತಿಂಗಳುಗಟ್ಟಲೆ ಇಟ್ರೆ ಇದರಲ್ಲಿ ಕಲೆ ಉಳಿಯುತ್ತೆ ಗೌಡ್ರೆ. ಮೊದಲೇ ಹೇಳ್ಬೇಕಿತ್ತು, ತಪ್ಪು ನನ್ನದು. ಇದು ಹೋದ ಮಳೆಗಾಲದ ಮೋಡ. ಇವತ್ತು ಮಳೆ ಇಲ್ಲ."

"ಈ ವರ್ಷದ ಟಿವೀಲಿ ಕಲೆ ಬೀಳಲ್ವಾ?"

"ಕಮ್ಮಿ ಬೀಳುತ್ತೆ."

"ಈಗ ಬಂದ್ರಿ ನೋಡಿ ದಾರಿಗೆ" ಅಂದು ಗೌಡರು ಕಣ್ಣು ಕಿರಿದು ಮಾಡಿದರು. ಡೈರಿಯಲ್ಲಿ 'ಇವತ್ತು ಮಳೆ ಇಲ್ಲ' ಅಂತ ಬರೆದು ನನ್ನ ರುಜು ತೆಗೆದುಕೊಂಡು, ಟಾರ್ಪಾಲು ತೆಗೆಸಿದರು.

ನನಗೆ ಕೊಟ್ಟ ಕಾಫಿ ಅರ್ಧ ಲೋಟ ಆಗಿತ್ತು. ಗುಡ್ಡದ ಹಿಂದೆ ಗುಡುಗಿತು. ಮೇಸ್ತ್ರಿ, ಆಳುಗಳು, ತೋಟದ ಲೆಕ್ಕ ಬರೆಯುವ ರೈಟರು, ನಾನು, ಎಲ್ಲರೂ ಟಾರ್ಪಾಲಿಗೆ ಓಡುವಷ್ಟರಲ್ಲಿ ಅಕಾಲದ ಮಳೆ ಸುರಿದು ಅರ್ಧ ಕಣ ನೆನೆದುಹೋಯಿತು.

ಗೌಡರು ಜಗುಲಿಯಿಂದ ಕದಲಲಿಲ್ಲ. "ಟಿವಿ ಐದು ದಿನ ಮೊದಲೇ ಹೇಳಿತ್ತು. ಹೊಸದು ಮಾರೋದಕ್ಕೆ ಅದರ ಮೇಲೆ ಚಾಡಿ ಹೇಳಿದ್ರಿ. ಗೇಟು ಎಲ್ಲಿದೆ ಗೊತ್ತಲ್ಲ ಮಾರಾಯ್ರೆ."

ನಿಜ ಹೇಳಿದ ದಿನವೇ ಸುಳ್ಳುಗಾರನಾಗಿ, ಒದ್ದೆ ಅಂಗಿಯಲ್ಲಿ ಮೂಡಿಗೆರೆಗೆ ಬಂದೆ. ತುಂಬ ಬೇಜಾರಾಯಿತು. ಎರಡು ದಿನ ಗಿರಾಕಿಗಳ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಮೂರನೇ ದಿನ ಬೆಳಿಗ್ಗೆ ಮತ್ತೆ ಮೇಸ್ತ್ರಿಯ ಫೋನು. "ಸಾರ್, ಸಾಹುಕಾರ್ರು ನಿಮ್ಮನ್ನೇ ಕೇಳಕ್ಕೆ ಹೇಳಿದ್ರು. ಇವತ್ತು ಮಳೆ ಬರುತ್ತಾ?"

ನನಗೆ ಹೋದ ಜೀವ ಬಂತು. ನಂಬಿಕೆ ಪೂರ್ತಿ ಹೋಗಿಲ್ಲ ಅಂದುಕೊಂಡೆ. ಅಂಗಡಿಯಿಂದ ಹೊರಗೆ ಬಂದು ಆಕಾಶವನ್ನು ನಾಲ್ಕೂ ಕಡೆ ನೋಡಿ, "ಒಂದು ಹನಿಯೂ ಬರಲ್ಲ ಅಂತ ಹೇಳಿ" ಅಂದೆ.

ಮೇಸ್ತ್ರಿ ಫೋನ್ ಇಡುವ ಮೊದಲೇ ಆಳುಗಳಿಗೆ ಕೂಗಿದ್ದು ಕೇಳಿಸಿತು. "ಬರಲ್ವಂತೆ ಕಣ್ರೋ. ಬೇಗ ಟಾರ್ಪಾಲು ಹೊದಿಸಿ."