ಒಣಬಾಡಿನ ಕಸುವು

ಹಗ್ಗದ ಮೇಲೆ ಒಣಬಾಡು ಹಾಕಿದ ಮನೆಗೆ ಕಾಗೆ, ನಾಯಿ, ಅಧಿಕಾರಿ ಮೂರೂ ಕರೀದೆ ಬರ್ತವೆ. ನನ್ನ ಗುಡಿಸಲಿಗೆ ಮೂರೂ ಬಂದಿದ್ವು, ಅದರಲ್ಲಿ ನಾಯಿನೇ ವಾಸಿ. ಈಗ ನೆನೆಸ್ಕಂಡ್ರೆ ನಗು ಬರ್ತೈತೆ. ಆವತ್ತು ನಗೋಕೂ ಹೊಟ್ಟೇಲಿ ಏನಾದ್ರೂ ಇರಬೇಕಲ್ಲ.

ಹಿರಿಯೂರು ಹತ್ರ ಮಾರಿಕಣಿವೇಲಿ ಕಟ್ಟೆ ಕಟ್ತಿದ್ದ ಕಾಲ. ಶ್ರೀರಾಂಪುರದ ಕಡೆಯ ನಮ್ಮ ಕೇರಿಯಿಂದ ನಾನೂ ನನ್ನ ಗಂಡನೂ ಕಲ್ಲು ಹೊರೋಕೆ ಅಂತ ಹೋದ್ವಿ. ಊರಲ್ಲಿ ಪ್ಲೇಗು ಬಂದು ಕೇರಿಗೆ ಕೇರಿನೇ ಬರಿದಾಗಿತ್ತು. ಕಣಿವೇಲಿ ಪ್ಲೇಗು ಇರ್ಲಿಲ್ಲ, ಚಳಿಜ್ವರ ಇತ್ತು. ನಾವು ಅಲ್ಲಿಗೆ ಹೋದ ವರ್ಷವೇ ನಮ್ಮ ಎಳೇ ಕೂಸು ಅದೇ ಜ್ವರದಲ್ಲಿ ಹೋಯ್ತು. ಅವತ್ತಿಂದ ನನಗೆ ತುತ್ತು ಗಂಟಲಲ್ಲಿ ಇಳೀತಿರ್ಲಿಲ್ಲ, ಊದಿದ್ರೆ ಹಾರಿಹೋಗೋ ಹಂಗಾಗಿದ್ದೆ. ಆಮೇಲೆ ಗಂಡನಿಗೂ ಜ್ವರ ಹತ್ತಿಕಂತು.

ಅಲ್ಲಿ ಒಂದು ಕಟ್ಟಳೆ ಇತ್ತು. ಗುಡಿಸಲು ಬೇಕು ಅಂದ್ರೆ ಅದರಲ್ಲಿರೋರಲ್ಲಿ ಒಬ್ಬರಾದ್ರೂ ಹೊರೆ ಹೊರಬೇಕು. ತಿಂಗಳು ಕಳೆದ ಮೇಲೆ ಮೇಸ್ತ್ರಿ ಎಲ್ಲರ ಕಸುವು ನೋಡ್ತಾನೆ, ಹೊರೋಕೆ ಆಗದೋರು ಗುಡಿಸಲು ಬಿಟ್ಟು ಹೊರಡಬೇಕು ಅಂತ ಡಂಗೂರ ಹಾಕಿಸಿದ್ರು. ನಮಗೆ ಹೋಗೋಕೆ ಊರೇ ಇರ್ಲಿಲ್ಲ. ನನ್ನ ಕೈಲಂತೂ ಖಾಲಿ ಬುಟ್ಟಿನೂ ಏಳ್ತಿರ್ಲಿಲ್ಲ, ಹೆಂಗಾದ್ರೂ ಮಾಡಿ ತಿಂಗಳೊಳಗೆ ಗಂಡನ ಮೈಗೆ ಕಸುವು ತರಬೇಕಿತ್ತು.

ಡಾಕ್ಟ್ರು ಹೇಳಿದ ಪಥ್ಯ

ಕೆಲಸದ ಜಾಗಕ್ಕೆ ಒಬ್ಬ ಡಾಕ್ಟ್ರು ಬರ್ತಿದ್ರು. ಒಳ್ಳೆ ಮನುಷ್ಯ, ಸುಳ್ಳು ಹೇಳಬಾರದು. ಆದ್ರೂ ನಮ್ಮ ಕೇರಿಯೋರ ಗುಡಿಸಲ ಸಾಲಿಗೆ ಬಂದಾಗ ಹತ್ತು ಮಾರು ದೂರ ನಿಂತು, ಬೆತ್ತ ತೋರಿಸಿ, "ನಾಲಗೆ ಚಾಚು" ಅನ್ನೋರು. ಅಷ್ಟು ದೂರಕ್ಕೆ ನಾಲಗೆ ಕಾಣೋದಾ? ನನ್ನ ಗಂಡ ಪಾಪ, ಕತ್ತೂ ಸೇರಿಸಿ ಚಾಚೋನು.

ಕಹಿ ಔಷಧಿ ಪೊಟ್ಟಣ ಎಸೆದು ಅಂದ್ರು, "ಔಷಧಿ ಒಂದೇ ಸಾಲದು. ರಕ್ತ ಇಲ್ಲ ಮೈಯಲ್ಲಿ. ಹಾಲು ಕುಡಿ, ತುಪ್ಪ ತಿನ್ನು."

ನನ್ನ ಗಂಡ ಕೈ ಮುಗಿದು, "ಸ್ವಾಮಿ, ಹಸು ನಮ್ಮ ಮನೆಗೆ ಬರೋದೇ ಸತ್ತ ಮೇಲೆ. ಆಗ ಹಾಲು ಕೊಡಲ್ಲ ಅದು" ಅಂದ.

ಡಾಕ್ಟ್ರು ಆ ಕಡೆ ಈ ಕಡೆ ನೋಡಿದ್ರು. ಆಮೇಲೆ ಹತ್ತು ಮಾರಲ್ಲಿ ಒಂದು ಮಾರು ಹತ್ರ ಬಂದು, ಮೆಲ್ಲಗೆ, "ಹಂಗಾದ್ರೆ ಅದನ್ನೇ ತಿನ್ನಪ್ಪ. ಹಾಲಿಗಿಂತ ಜಾಸ್ತಿ ಕಸುವು ಐತೆ ಅದರಲ್ಲಿ. ಒಣಗಿಸಿ ಇಟ್ಕೊಂಡು ದಿನಾ ಒಂದೊಂದು ತುಂಡು ತಿನ್ನು" ಅಂದ್ರು. ನಾನು ತಲೆ ಆಡಿಸ್ದೆ. ಅವರು ಹೊರಟವರು ಮತ್ತೆ ತಿರುಗಿ ನಿಂತು, "ಯಾರಾದ್ರೂ ಕೇಳಿದ್ರೆ ನಾನು ತುಪ್ಪ ಅಂದೆ ಅನ್ನಿ" ಅಂತ ಹೇಳಿ ಹೋದ್ರು.

ಎತ್ತು ಬಿತ್ತು

ಪಥ್ಯ ಏನೋ ಸಿಕ್ತು, ಎತ್ತು ಸಾಯಬೇಕಲ್ಲ. ಇನ್ನೊಬ್ಬರ ಎತ್ತು ಸಾಯ್ಲಿ ಅಂತ ಕಾಯೋದು ಪಾಪ ಅಂತ ನನಗೂ ಗೊತ್ತು. ನಾನು ಬೇಡ್ಕಳ್ಲಿಲ್ಲ. ದಿನಾ ಬೆಳಗ್ಗೆ ಎದ್ದು ಗಾಡಿ ಸಾಲಿನ ಕಡೆ ಒಂದ್ಸಲ ನೋಡ್ತಿದ್ದೆ, ಅಷ್ಟೇ.

ನಾಲ್ಕನೇ ದಿನ ಹಿರೇಗುಂಟನೂರಿನ ಗಾಡಿಯವನ ಎಡಗಡೆ ಎತ್ತು ಕಲ್ಲಿನ ಗಾಡಿ ಎಳೀತಾ ಏರಿನಲ್ಲಿ ಮಂಡಿಯೂರ್ತು. ಏಳಲೇ ಇಲ್ಲ. ಸತ್ತ ದನ ಎಳ್ಕೊಂಡು ಹೋಗೋದು ನಮ್ಮ ಕೇರಿಯೋರ ಪಾಲಿನ ಕೆಲಸ. ಬಾಡು ನಮಗೆ. ತೊಗಲಲ್ಲಿ ಎತ್ತಿನ ಯಜಮಾನನಿಗೆ ಒಂದು ಜೊತೆ ಎಕ್ಕಡ ಹೊಲ್ಕೊಡಬೇಕು, ಅದು ಹಳೇ ವಾಡಿಕೆ.

ಗಾಡಿಯವನು ಎತ್ತಿನ ಕತ್ತು ತಬ್ಕೊಂಡು ಅಳ್ತಿದ್ದ. ನಮಗೆ ಹಗ್ಗ ಕಟ್ಟೋಕೆ ಮನಸ್ಸು ಬರ್ಲಿಲ್ಲ, ದೂರ ನಿಂತ್ವಿ. "ಎಕ್ಕಡ ಬೇಡ ಅಂದ್ರೆ ಬಿಡಪ್ಪ, ನೋಡ್ದಾಗೆಲ್ಲ ಸಂಕಟ ಆಗ್ತೈತೆ" ಅಂದೆ.

ಅವನು ಕಣ್ಣೊರೆಸ್ಕೊಂಡ. "ಬೇಡ ಅಂತ ಯಾರಂದ್ರು? ಹತ್ತು ವರ್ಷ ನನ್ನ ಎಳದೈತೆ, ಇನ್ನೆರಡು ವರ್ಷ ಹೊತ್ಕಳ್ಲಿ" ಅಂದ. ಅಂದವನು ಕಾಲಿನ ಅಳತೆ ಕೊಟ್ಟು ಮತ್ತೆ ಅಳೋಕೆ ಕೂತ.

ಉಗ್ರಾಣದ ಗುಮಾಸ್ತ

ನಮ್ಮ ಪಾಲಿಗೆ ಬಂದ ಬಾಡನ್ನ ಉದ್ದುದ್ದ ಸೀಳಿ, ಉಪ್ಪು, ಅರಿಸಿನ, ಒಂಚೂರು ಖಾರ ತಿಕ್ಕಿ, ಗುಡಿಸಲ ಮುಂದೆ ಎರಡು ಗೂಟಕ್ಕೆ ಹಗ್ಗ ಕಟ್ಟಿ ಒಣಗಾಕಿದೆ. ಕಣಿವೆ ಬಿಸಿಲು ಕೇಳಬೇಕಾ, ನಾಲ್ಕೇ ದಿನಕ್ಕೆ ಕಪ್ಪಗೆ, ಗಟ್ಟಿಗೆ, ಬೆನ್ನಿಗೆ ಹೊಡೆದ್ರೆ ಬಾಸುಂಡೆ ಬರೋ ಹಂಗಾಯ್ತು. ಎಣಿಸಿ ನೋಡ್ದೆ. ಪರೀಕ್ಷೆ ದಿನದ ತನಕ ದಿನಕ್ಕೊಂದು ಎಳೆ ಆಗಿ, ಮೇಲೆ ಒಂದಿಷ್ಟು ಉಳೀತಿತ್ತು.

ಮೈಸೂರು ಕಡೆಯಿಂದ ಹೊಸದಾಗಿ ಬಂದ ಉಗ್ರಾಣದ ಗುಮಾಸ್ತರು ಅದನ್ನ ನೋಡಿದ್ರು. ಭಾರಿ ಮಡಿಯವರು. ಡಾಕ್ಟ್ರು ಹತ್ತು ಮಾರಾದ್ರೆ ಇವರು ಇಪ್ಪತ್ತು. ಅಷ್ಟು ದೂರದಿಂದ ಏನು ಕಾಣ್ತೈತೆ, ಏನು ವಾಸನೆ ಹೊಡೀತೈತೆ?

"ಏನೇ, ಅಷ್ಟೊಂದು ತೊಗಲ ಬಾರು ಮನೆ ಮುಂದೆ ನೇತುಹಾಕಿದ್ದೀಯ. ಅಲ್ಲಿ ನೊಗ ಕಟ್ಟೋದಕ್ಕೆ ಉಗ್ರಾಣದಲ್ಲಿ ಒಂದು ಬಾರಿಲ್ಲ" ಅಂತ ಗದರಿದ್ರು.

ಅದು ಏನು ಅಂತ ಹೇಳಿದ್ರೆ, ಆಯಪ್ಪ ಮಡಿ ಕೆಡ್ತು ಅಂತ ನಮ್ಮ ಸಾಲನ್ನೇ ಇನ್ನೊಂದು ಮೈಲಿ ಆಚೆಗೆ ಕಿತ್ತಾಕಿಸ್ತಿದ್ರು. ಪಕ್ಕದಲ್ಲೇ ಹಿರೇಗುಂಟನೂರಿನ ಗಾಡಿಯವನು ಹೊಸ ಎಕ್ಕಡ ಮೆಟ್ಕೊಂಡು ನಿಂತಿದ್ದ. "ತಗೊಂಡು ಹೋಗಿ ಕಟ್ಟೋ" ಅಂತ ಅವನಿಗೆ ಅಪ್ಪಣೆ ಆಯ್ತು. ಅವನಿಗೆ ಗೊತ್ತು ಅದೇನು ಅಂತ. ನನ್ನ ಮುಖ ನೋಡ್ದ, ನಾನು ಅವನ ಮುಖ ನೋಡ್ದೆ. ಸರ್ಕಾರದ ಅಪ್ಪಣೆ, ಎಂಟು ಎಳೆ ತಗೊಂಡು ಹೋಗಿ, ಎಡಗಡೆಗೆ ಎರವಲು ಎತ್ತು ಹೂಡಿ ನೊಗ ಕಟ್ಟಿದ.

ಗಾಡಿ ಏರು ಹತ್ತೋ ಹೊತ್ತಿಗೆ ಬಲಗಡೆ ಎತ್ತು ಉಪ್ಪಿನ ಆಸೆಗೆ ಕತ್ತು ತಿರುಗಿಸಿ ನೊಗದ ಕಟ್ಟು ನೆಕ್ಕೋಕೆ ಶುರು ಮಾಡ್ತು. ಸತ್ತ ಎತ್ತಿನ ಪಕ್ಕದಲ್ಲೇ ಹತ್ತು ವರ್ಷ ನಡೆದ ಜೋಡಿ ಅದು. ಗಾಡಿಯವನು ಆ ಕಡೆ ಮುಖ ತಿರುಗಿಸ್ಕೊಂಡ. ನೆಕ್ಕಿ ನೆಕ್ಕಿ ಕಟ್ಟು ಮೆತ್ತಗಾಗಿ ಪಟ್ ಅಂತ ಬಿಚ್ಚಿಕಂತು, ಗಾಡಿ ಹಿಂದಕ್ಕೆ ಜಾರಿ ಕಲ್ಲೆಲ್ಲ ಹಳ್ಳಕ್ಕೆ ಬಿತ್ತು. ಚೆಲ್ಲಿದ ಎಳೆಗಳನ್ನ ನಾಯಿಗಳು ಎತ್ಕೊಂಡು ಹೋದ್ವು. ನನ್ನ ಗಂಡನ ಎಂಟು ದಿನದ ಕಸುವು ಹಂಗೆ ಹೋಯ್ತು.

ಗುಮಾಸ್ತರು ಮತ್ತೆ ಬಂದ್ರು, ಇಪ್ಪತ್ತು ಮಾರಲ್ಲಿ ನಿಂತ್ರು. "ನಿಮ್ಮ ಜನಕ್ಕೆ ತೊಗಲು ಹದ ಮಾಡೋದೂ ಮರೆತುಹೋಯ್ತೇನೇ?" ಅಂದ್ರು. ಹದಕ್ಕೆ ಇನ್ನೊಂಚೂರು ಖಾರ ಬೇಕಿತ್ತು ಸ್ವಾಮಿ ಅಂತ ನಾಲಗೆ ತುದಿಗೆ ಬಂದಿದ್ದನ್ನ ನುಂಗ್ಕೊಂಡೆ.

ಮೇಸ್ತ್ರಿ ಕೇಳ್ಲಿಲ್ಲ

ಉಳಿದಿದ್ದನ್ನ ಬುಟ್ಟೀಲಿ ಮುಚ್ಚಿ ಒಳಗಿಟ್ಟೆ. ಮೇಸ್ತ್ರಿ ಹೊಳಲ್ಕೆರೆ ಕಡೆಯೋನು, ಕುರಿ ಸಾಕೋ ಮನೆತನ. ಗುಡಿಸಲು ಎಣಿಸೋಕೆ ಬಂದವನ ಮೂಗಿಗೆ ಬಡೀತು. ಬಾಗಿಲಲ್ಲೇ ನಿಂತು, "ಏನದು ಬುಟ್ಟೀಲಿ? ಬ್ಯಾಡ, ಹೇಳಬ್ಯಾಡ" ಅಂದ.

"ಅಣ್ಣ, ಅದು ಏನು ಅಂದ್ರೆ..."

"ಸುಮ್ಕಿರವ್ವ. ನಾನೇನು ಕೇಳಿದ್ನಾ? ನಾನು ಕುರಿ ಅನ್ಕಂಡಿದೀನಿ. ಟವಲಿಗೆ ಎರಡು ಹಾಕು."

ಮೇಲಿಂದ ಹಾಕ್ದೆ. ಕಲ್ಲಿನ ಮೇಲೆ ಕುಂತು ಕಟಕಟ ಅಗಿದ. "ಈ ಕುರಿ ಬಲು ದೊಡ್ಡದಿತ್ತು ಅಂತ ಕಾಣ್ತೈತೆ" ಅಂದ. ದಿನ ಬಿಟ್ಟು ದಿನ ಬರೋಕೆ ಶುರು ಮಾಡ್ದ. ನಾನೂ ಒಂದಾಸೆ ಇಟ್ಕಂಡೆ. "ಅಣ್ಣ, ಪರೀಕ್ಷೆ ದಿನ ನಮ್ಮ ಮನೆಯಾತನ್ನ ಒಂಚೂರು ನೋಡ್ಕೊಳ್ರಿ" ಅಂದೆ. "ಪರೀಕ್ಷೆ ಅಂದ್ರೆ ಪರೀಕ್ಷೆ ಕಣವ್ವ. ನ್ಯಾಯ ಬಿಟ್ಟು ನಡೆದೋನಲ್ಲ ನಾನು" ಅಂತ ಇನ್ನೊಂದು ತುಂಡು ಕಚ್ಚಿದ.

ಒಂದಿನ ಖಾರ ಜಾಸ್ತಿಯಾಗಿ ನೆತ್ತಿಗೇರ್ತು. ಕೆಮ್ಮಿ ಕೆಮ್ಮಿ ಕಣ್ಣು ಮೇಲಾಯ್ತು. ನಾನು ಗಾಬರಿಯಾಗಿ ಚೊಂಬಲ್ಲಿ ನೀರು ಹಿಡ್ಕೊಂಡು ಓಡ್ದೆ. ಉಸಿರು ಸಿಗದೇ ಇದ್ರೂ ಕೈ ಅಡ್ಡ ಹಿಡಿದು ಮೇಸ್ತ್ರಿ ಅಂದ, "ಥೂ, ನಿಮ್ಮನೆ ನೀರು ಕುಡಿದ್ರೆ ನನ್ನ ಜಾತಿ ಏನಾಗಬೇಕು?"

ಹಲ್ಲು

ಈಗ ನನ್ನ ಗಂಡನ ಮಾತಿಗೆ ಬರ್ತೀನಿ. ಬಾಡು ಬೇಯಿಸಿ ಸಾರು ಮಾಡೋ ಹಂಗಿರ್ಲಿಲ್ಲ. ಘಮಲು ಎದ್ರೆ ಸಾಲಿನೋರೆಲ್ಲ ಹಸಿದೋರೇ, ಬಂದು ನಿಂತ್ರೆ ಇಲ್ಲ ಅನ್ನೋಕೆ ಬಾಯಿ ಬರ್ತಿರ್ಲಿಲ್ಲ. ಅದಕ್ಕೆ ಒಣಗಿದ್ದನ್ನ ಹಂಗೇ ಅಗಿಯೋದು. ಮೊದಲನೇ ದಿನವೇ ಅವನು ದವಡೆ ಹಿಡ್ಕೊಂಡ. "ಜ್ವರಕ್ಕೆ ಹಲ್ಲೆಲ್ಲ ಅಲ್ಲಾಡ್ತವೆ, ಆಗಲ್ಲ ಕಣೇ. ನೀನೇ ಅಗಿದು ಮೆತ್ತಗೆ ಮಾಡ್ಕೊಡು" ಅಂದ.

ಕೂಸಿಗೆ ಮಾಡ್ಕೊಡಲ್ವಾ, ಹಂಗೆ ಅಗಿದು ಕೊಟ್ಟೆ. ಬೆರಳಲ್ಲಿ ಒತ್ತಿ ನೋಡಿ, "ಇನ್ನೊಂಚೂರು" ಅಂದ. ಮತ್ತೆ ಅಗಿದೆ. "ಇನ್ನೊಂಚೂರು" ಅಂದ. ಅಷ್ಟೊತ್ತಿಗೆ ಅದು ನಾರಾಗಿ ಹೋಗಿರೋದು. "ಅದರಲ್ಲಿ ಇನ್ನೇನೈತೆ, ನುಂಗಿಬಿಡು. ಬೇರೆ ತುಂಡು ಅಗಿ" ಅನ್ನೋನು. ದಿನಾ ಇದೇ ಆಯ್ತು. ಒಂದು ಎಳೇಲಿ ಬೆರಳುಗುರಷ್ಟು ಅವನ ಬಾಯಿಗೆ ಹೋದ್ರೆ ಹೆಚ್ಚು. ನನಗೆ ಎಷ್ಟು ಸಿಟ್ಟು ಬರೋದು ಅಂದ್ರೆ, ಮೆಲುಕು ಹಾಕೋ ಎಮ್ಮೆ ಮಾಡಿದ್ಯಲ್ಲೋ ನನ್ನ ಅಂತ ಬೈತಾ ಬೈತಾನೇ ಅಗಿಯೋಳು.

ಪರೀಕ್ಷೆ ದಿನ ಬಂತು. ತಗ್ಗಿನಿಂದ ಒಂದು ಬುಟ್ಟಿ ಜಲ್ಲಿ ಹೊತ್ತು, ನಡುವೆ ಎಲ್ಲೂ ಇಳಿಸದೆ ದಿಬ್ಬ ಹತ್ತಬೇಕು. ನನ್ನ ಗಂಡ ಬುಟ್ಟಿ ಮೊಣಕಾಲ ತನಕ ಎತ್ತಿದ, ಕುಸಿದ. ಮೇಸ್ತ್ರಿ ಆ ಕಡೆ ನೋಡ್ತಾ, "ನಾಳೆ ಗುಡಿಸಲು ಖಾಲಿ ಮಾಡ್ರಿ" ಅಂದ.

ನನಗೆ ಮೈಯೆಲ್ಲ ಉರಿದುಹೋಯ್ತು. ಮೇಸ್ತ್ರಿ ಮೇಲಲ್ಲ, ಗಂಡನ ಮೇಲೆ. "ತಿಂಗಳಿಡೀ ನನ್ನ ದವಡೆ ಸವೆಸಿದ್ಯಲ್ಲೋ, ಒಂದು ಬುಟ್ಟಿ ಎತ್ತೋಕೆ ಆಗ್ಲಿಲ್ವಾ" ಅಂತ ಬುಟ್ಟಿ ಕಿತ್ತು ತಲೆ ಮೇಲೆ ಇಟ್ಕೊಂಡೆ. ಹಿಂಗೆ ಎತ್ತೋದು ನೋಡು, ಹಿಂಗೆ ನಡೆಯೋದು ನೋಡು ಅಂತ ಬೈತಾ ಹೋದೆ. ಅವನ ಅಪ್ಪನಿಂದ ಶುರು ಮಾಡಿ ಮುತ್ತಾತನ ತನಕ ಬೈದೆ. ಮುತ್ತಾತ ಮುಗಿಯೋ ಹೊತ್ತಿಗೆ ಮೇಸ್ತ್ರಿ ಮುಂದೆ ಬಂದು ನಿಂತು, "ಸಾಕು ನಿಲ್ಸವ್ವ, ದಿಬ್ಬ ಹತ್ತಿ ಆಯ್ತು. ನಿನ್ನ ಹೆಸರು ಬರೆಸಿದೀನಿ, ಬುಟ್ಟಿ ಇಳ್ಸು" ಅಂದ.

ಇಳಿಸಿ ಕೆಳಗೆ ಬಂದ್ರೆ ನನ್ನ ಗಂಡ ಬಂಡೆ ನೆರಳಲ್ಲಿ ಕುಂತು, ಯಾರೋ ಕೊಟ್ಟ ಹುರಿದ ಹುಣಸೆಬೀಜ ಕಟಂ ಕಟಂ ಅಂತ ಕಡೀತಾ ಅವ್ನೆ. ಹುಣಸೆಬೀಜ. ಗಟ್ಟಿ ಹಲ್ಲಿನ ಹುಡುಗರೇ ಅದಕ್ಕೆ ಹೆದರ್ತವೆ.

"ಹಲ್ಲು?" ಅಂದೆ.

"ಹಲ್ಲಿಗೇನಾಗೈತೆ?" ಅಂದ. ಆಮೇಲೆ ತಲೆ ತಗ್ಗಿಸಿ, "ನೀನೇ ತಿನ್ನು ಅಂದಿದ್ರೆ ತಿಂತಿದ್ಯೇನೇ? ಕೂಸು ಹೋದಾಗಿಂದ ಒಂದು ತುತ್ತು ನೆಟ್ಟಗೆ ಉಂಡಿಲ್ಲ ನೀನು. ನಾನು ಏಳಲ್ಲ ಅಂತ ನನಗೆ ಅವತ್ತೇ ಗೊತ್ತಾಗಿತ್ತು. ಬುಟ್ಟಿ ಯಾರಾದ್ರೂ ಎತ್ತಬೇಕಲ್ಲ" ಅಂದ. ನಾನು ಅಲ್ಲೇ ಕುಂತು ಅತ್ತೆ. ಅಷ್ಟು ಅತ್ತಿದ್ದು ಕೂಸು ಹೋದಾಗ್ಲೂ ಇಲ್ಲ.

ಮಳೆಗಾಲಕ್ಕೆ ಮುಂಚೆ ಅವನು ಹೋದ. ನಮ್ಮಲ್ಲಿ ಸತ್ತೋರ ಮುಂದೆ ಹೆಂಡತಿ ಗಂಡನ ಒಂದೊಂದು ಗುಣ ಎತ್ತಿ ಹಾಡ್ಕೊಂಡು ಅಳಬೇಕು, ಸುತ್ತ ಕುಂತ ಹೆಂಗಸರು ಅದನ್ನೇ ಹಿಡಿದು ಹಾಡಬೇಕು. ನನಗೆ ಹಾಡು ಬರ್ಲಿಲ್ಲ. ಬಾಯಿಗೆ ನೀರು ಬಿಡು ಅಂದ್ರು. ತುಟಿ ಬಿಡಿಸಿ ನೋಡ್ತೀನಿ, ಒಂದು ಹಲ್ಲೂ ಉದುರಿಲ್ಲ, ಮುತ್ತು ಜೋಡಿಸಿದಂಗೆ ಅವೆ. "ಬಾಯ್ತುಂಬ ಹಲ್ಲಿತ್ತಲ್ಲೋ ನಿನಗೆ" ಅಂತ ಬೈದುಬಿಟ್ಟೆ.

ಹೆಂಗಸರಿಗೇನು ಗೊತ್ತು ಪಾಪ. ಗುಣ ಎತ್ತಿದಳು ಅನ್ಕೊಂಡು, ಸೆರಗು ಬಾಯಿಗಿಟ್ಕೊಂಡು, ಇಡೀ ಸಾಲಿಗೆ ಸಾಲೇ ಎದೆ ಬಡ್ಕೊಂಡು ಅಳ್ತಾ ಹಾಡ್ತು: "ಬಾಯ್ತುಂಬ ಹಲ್ಲಿತ್ತಲ್ಲೋ ನಮ್ಮಪ್ಪಾ, ಬಾಯ್ತುಂಬ ಹಲ್ಲಿತ್ತಲ್ಲೋ."